ಸಣ್ಣ ಎಂಜಿನ್ನಿಗೆ ಎಷ್ಟು ಉದ್ದದ ಕಾಲು?

ದೋಣಿ ಓಡಿಸುತ್ತ ಹಿಂದೆ ಗಾಳ ಎಳೆಯುವವರಿಗೆಲ್ಲ ಗೊತ್ತಿರುವ ಕಷ್ಟವೇ ಇದು. ದೊಡ್ಡ ಎಂಜಿನ್ನಿನ ವೇಗ ಎಷ್ಟೇ ತಗ್ಗಿಸಿದರೂ ದೋಣಿ ಜೋರಾಗಿಯೇ ಓಡುತ್ತದೆ, ಗಾಳ ಮೇಲೆದ್ದು ಬರುತ್ತದೆ, ಮೀನು ಮೂಸಿಯೂ ನೋಡುವುದಿಲ್ಲ. ಗಂಟೆಗಟ್ಟಲೆ ಹಾಗೇ ಕುಂಟಿಸಿದರೆ ಪ್ಲಗ್ಗಿಗೆ ಮಸಿ ಹಿಡಿದು ಎಂಜಿನ್ ಕೆಮ್ಮತೊಡಗುತ್ತದೆ. ಅದಕ್ಕೇ ಈ ಕತೆಯ ದೋಣಿಯವನು ಪಕ್ಕಕ್ಕೊಂದು ಸಣ್ಣ ಎಂಜಿನ್ ಹಾಕಿಸಲು ಹೊರಟ. ನಿಧಾನಕ್ಕೆ ಗಾಳ ಎಳೆಯಲೂ ಆಯಿತು, ದೊಡ್ಡದು ಕೈಕೊಟ್ಟರೆ ದಡ ಸೇರಲೂ ಆಯಿತು. ಯೋಚನೆಯೇನೋ ಸರಿಯಾಗಿಯೇ ಇತ್ತು.

ಅವನ ಹೆಂಡತಿಯ ತಂಗಿಗೆ ದೋಣಿ ನಿಲ್ಲುವ ಧಕ್ಕೆಯ ಹತ್ತಿರ ಎಂಜಿನ್ ರಿಪೇರಿ ಅಂಗಡಿ. ಕೊಳ್ಳುವ ಮೊದಲು ದೋಣಿಯ ಹಿಂಬದಿ ಹಲಗೆಯ ಅಳತೆ ತೆಗೆದುಕೊಂಡು ಬನ್ನಿ ಎಂದು ಅವಳು ಎರಡು ಸಲ ಹೇಳಿಕಳಿಸಿದ್ದಳು.

"ದರ್ಜಿ ಅಂಗಡಿ ಇಟ್ಟಿದೀಯೇನೆ, ಅಳತೆ ಕೇಳೋಕೆ?" ಎಂದು ಇವನು ನಾಲ್ಕು ಜನರ ಮುಂದೆ ಛೇಡಿಸಿದ.

"ಬಟ್ಟೆ ಗಿಡ್ಡ ಆದ್ರೆ ಮನೇಲಿ ಕೂರಬಹುದು ಭಾವ, ಎಂಜಿನ್ ಗಿಡ್ಡ ಆದ್ರೆ ಕಡಲಲ್ಲೇ ಕೂರಬೇಕು," ಎಂದಳು ಅವಳು ಕೈಯ ಗ್ರೀಸ್ ಒರೆಸಿಕೊಳ್ಳುತ್ತ. ನಕ್ಕವರಲ್ಲಿ ಅವನೇ ಇರಲಿಲ್ಲ.

ಆ ಹಟಕ್ಕೆ ಅವಳನ್ನು ಕೇಳದೆಯೇ ಕೊಂಡುತಂದ. ಶಕ್ತಿ ನೋಡಿದ, ಹೆಗಲ ಮೇಲೆ ಹೊರಲು ಹಗುರವೇ ಎಂದು ನೋಡಿದ. ಎಂಜಿನ್ನಿನ ಕಾಲನ್ನು, ಅಂದರೆ ತಲೆಯಿಂದ ನೀರು ತಳ್ಳುವ ಫ್ಯಾನಿನವರೆಗೆ ಇಳಿಯುವ ಕಂಬವನ್ನು, ನೋಡಲೇ ಇಲ್ಲ. ಅದು ಗಿಡ್ಡದು. ಮನೆ ಮುಂದೆ ನೀರು ತುಂಬಿದ ಡ್ರಮ್ಮಿಗೆ ಇಳಿಬಿಟ್ಟು ಓಡಿಸಿದಾಗ ನೀರು ಕೊತಕೊತ ಕುದಿಯಿತು, ಬೀದಿಯವರು ಭೇಷ್ ಎಂದರು. ಡ್ರಮ್ಮಿನಲ್ಲಿ ಅಲೆ ಏಳುವುದಿಲ್ಲ ಎನ್ನುವುದು ಯಾರಿಗೂ ಹೊಳೆಯಲಿಲ್ಲ. ಆಮೇಲೆ ಹತ್ತು ದಿನ ಕಡಲೂ ಕನ್ನಡಿಯ ಹಾಗಿತ್ತು.

ಹನ್ನೊಂದನೆಯ ದಿನ ಮಧ್ಯಾಹ್ನ ಗಂಡಹೆಂಡತಿ ಮರಳುವಾಗ ಗಾಳಿ ಎದ್ದಿತು. ತೇಲಿಬಂದ ಹರಕು ಬಲೆ ಸುತ್ತಿಕೊಂಡು ದೊಡ್ಡ ಎಂಜಿನ್ ನಿಂತೇಹೋಯಿತು. ಸಣ್ಣದನ್ನು ಇಳಿಸಿದ. ಅಲೆ ದೋಣಿಯ ಹಿಂಭಾಗವನ್ನು ಎತ್ತಿದಾಗಲೆಲ್ಲ ಫ್ಯಾನು ನೀರು ಬಿಟ್ಟು ಮೇಲೆದ್ದು ಬರೀ ಗಾಳಿ ಕಡೆಯಿತು. ಎಂಜಿನ್ ಚೀರುತ್ತಿತ್ತು, ದೋಣಿ ಜರುಗುತ್ತಿರಲಿಲ್ಲ. ಲಂಗರು ಬಿಟ್ಟರೆ ಅದು ತಳಕ್ಕೆ ಕಚ್ಚಲಿಲ್ಲ. ಭಾರಕ್ಕೆಂದು ಹೆಂಡತಿಯನ್ನು ಹಿಂದಕ್ಕೆ ಕರೆದು ಕೂರಿಸಿದರೆ ನೀರೇ ಒಳಕ್ಕೆ ನುಗ್ಗಿತು. ದಡದ ತಡೆಗೋಡೆಯ ಬಂಡೆಗಳು ಹತ್ತಿರವಾಗುತ್ತಿದ್ದವು.

ಫೋನು ಅವನ ಜೇಬಿನಲ್ಲೇ ಇತ್ತು. ಮಾಡಿದರೆ ಬರಬೇಕಾದವಳು ಧಕ್ಕೆಯಲ್ಲಿರುವ ನಾದಿನಿಯೇ. ಯಾವ ಬಾಯಲ್ಲಿ ಕರೆಯುವುದು? ಇನ್ನೊಂಚೂರು ನೋಡೋಣ, ಇನ್ನೊಂಚೂರು ನೋಡೋಣ ಎನ್ನುತ್ತ ಅವನು ಹಿಡಿ ತಿರುವುತ್ತಲೇ ಇದ್ದ. ನೀರು ಎತ್ತಿ ಚೆಲ್ಲುತ್ತಿದ್ದ ಹೆಂಡತಿ ಕೊನೆಗೆ ಕೈಚಾಚಿದಳು.

"ನಗೋರು ನಕ್ಕೊಳ್ಳಲಿ. ಫೋನ್ ಕೊಡಿ ಇಲ್ಲಿ."

ನಾದಿನಿ ಇನ್ನೊಂದು ದೋಣಿ ತಂದು ಹಗ್ಗ ಎಸೆಯುವಷ್ಟರಲ್ಲಿ ಇವರ ದೋಣಿ ಬಂಡೆಗೆ ಒಮ್ಮೆ ಬಡಿದಾಗಿತ್ತು. ತಡೆಯಲು ಕೈ ಒಡ್ಡಿದ ಹೆಂಡತಿಯ ಬಲಗೈಯ ಎರಡು ಬೆರಳು ಮುರಿದವು. ನಾದಿನಿ ದೋಣಿಯನ್ನು ದಡಕ್ಕೆ ಎಳೆದು ತಂದು ನೇರ ಅಕ್ಕನ ಕೈ ನೋಡಿದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ಆಸ್ಪತ್ರೆಯಲ್ಲಿ ಕೇಳಿದವರಿಗೆಲ್ಲ ಅಲೆ ಜೋರಿತ್ತು ಎಂದ. ಮರುದಿನ ಹೆಂಡತಿಗೆ ಜಡೆ ಹಾಕಲು ಕೂತ. ಅವನ ಕೈಗೆ ಅದು ಬಗ್ಗಲಿಲ್ಲ. ಮೂರನೇ ಸಲ ಬಿಚ್ಚುವಾಗ ಅವಳು ತಿರುಗದೆಯೇ ಹೇಳಿದಳು: "ಅಲೆ ಎಲ್ಲರಿಗೂ ಇರುತ್ತೆ. ನೀವು ಜೇಬಿಂದ ಫೋನ್ ತೆಗೀಲಿಲ್ಲ. ಅದನ್ನ ಹೇಳಿ ಜನಕ್ಕೆ."

ಅವನು ಬಾಚಣಿಗೆ ಕೆಳಗಿಟ್ಟ.

ಅಂದೇ ಅಂಗಡಿಗೆ ಹೋದ. ಅಲ್ಲಿ ಆರೇಳು ಜನ ದೋಣಿಯವರಿದ್ದರು. ಎಲ್ಲರೆದುರು ನಡೆದದ್ದನ್ನು ನಡೆದಂತೆ ಹೇಳಿ, "ತಪ್ಪು ನಂದೇ ಕಣಮ್ಮ. ಹೇಗೆ ಅಳೀಬೇಕು, ಹೇಳಿಕೊಡು," ಎಂದ.

ನಾದಿನಿ ಟೇಪು ಹಿಡಿದು ದೋಣಿಯ ಬಳಿಗೇ ಬಂದಳು. ಎಂಜಿನ್ ಕೂರುವ ಜಾಗದಿಂದ ದೋಣಿಯ ತಳದವರೆಗೆ ಅಳೆಸಿದಳು. ಕಾಲು ಅದಕ್ಕಿಂತ ಉದ್ದವಿದ್ದು ಫ್ಯಾನು ಪೂರ್ತಿ ತಳದಿಂದ ಕೆಳಗೆ ಮುಳುಗಿರಬೇಕು. ಪಕ್ಕದಲ್ಲಿ ಕಬ್ಬಿಣದ ಪಟ್ಟಿ ಹಾಕಿ ಎತ್ತರಕ್ಕೆ ಕೂರಿಸಿದರೆ ಇನ್ನೂ ಉದ್ದದ್ದೇ ಬೇಕು. ಶಕ್ತಿಯ ಮಾತು ಆಮೇಲೆ. ಭಾರದ ದೋಣಿಯನ್ನು ನಿಧಾನಕ್ಕೆ ತಳ್ಳುವ ಫ್ಯಾನೇ ಬೇರೆ ಬರುತ್ತದೆ, ಅದನ್ನು ಕೇಳಿ ಹಾಕಿಸಬೇಕು. ದೊಡ್ಡದರ ಟ್ಯಾಂಕಿಗೆ ಕಸವೋ ನೀರೋ ಸೇರಿದರೆ ಎರಡೂ ಒಟ್ಟಿಗೆ ಮಲಗಬಾರದಲ್ಲ, ಅದಕ್ಕೆ ಸಣ್ಣದಕ್ಕೆ ಬೇರೆಯೇ ಟ್ಯಾಂಕು. "ತಂದ ಮೇಲೆ ಜನ ಕೂರಿಸಿಕೊಂಡು, ದಡದ ಹತ್ತಿರವೇ ಸ್ವಲ್ಪ ಅಲೆ ಇರೋ ಕಡೆ ಓಡಿಸಿ ನೋಡಿ ಭಾವ," ಎಂದಳು.

ಈಗ ಅವನ ದೋಣಿಗೆ ಉದ್ದ ಕಾಲಿನದು ಬಂದಿದೆ. ಯಾರು ಕೇಳಿದರೂ ಎಂಜಿನ್ನಿನ ವಿಷಯ ಸಲೀಸಾಗಿ ಹೇಳುತ್ತಾನೆ. ಫೋನಿನ ವಿಷಯಕ್ಕೆ ಬಂದಾಗ ಮುಖ ಕೆಳಗಾಗುತ್ತದೆ. ಆದರೂ ಬಿಡದೆ ಹೇಳುತ್ತಾನೆ.

ಸಣ್ಣ ಎಂಜಿನ್ ತರಲು ಹೊರಟಿರುವ ಅಣ್ಣಂದಿರೇ, ಅಕ್ಕಂದಿರೇ, ಅಳತೆ ಬರೆದುಕೊಂಡು ಹೋಗಿ. ಗೊತ್ತಿರುವವರು ಚಿಕ್ಕವರಾದರೂ ಕೇಳಿ. ನೀರಿನಲ್ಲಿ ಎಂಜಿನ್ ಕೈಕೊಟ್ಟರೆ ಮೊದಲು ಫೋನ್ ಮಾಡಿ. ನಾಚಿಕೆ ಪಡಲು ದಡದಲ್ಲಿ ಬೇಕಾದಷ್ಟು ಹೊತ್ತಿರುತ್ತದೆ.