ಕೊಸರು ಕೇಳಿ ತಂದ ಕಾಫಿ

ಸಿದ್ರಾಮ ಮಾಸ್ತರರು ಲೋಟವನ್ನು ಅರ್ಧಕ್ಕೇ ಕಟ್ಟೆಯ ಮೇಲಿಟ್ಟರು. ರೈಲು ಬರಲು ಇನ್ನೂ ಹೊತ್ತಿತ್ತು. ಅವಸರವೇನೂ ಇರಲಿಲ್ಲ.

"ಯಾಕ್ರಿ ಸರ, ಬಿಸಿ ಕಡಿಮಿ ಆತೇನ್ರಿ?" ಎಂದಳು ಬಾಳವ್ವ.

"ಬಿಸಿ ಬರೋಬ್ಬರಿ ಐತವ್ವ. ಹೋದ ವರ್ಷದ ರುಚಿ ಇಲ್ಲ, ಅಷ್ಟ. ಹಣ್ಣಾಗದ ಕಸಗಾಯಿ ಕಡದಂಗ ನಾಲಿಗಿ ಹಿಡೀತೈತಿ. ನಾಳಿಂದ ನನಗ ಚಹಾನ ಕೊಡು."

ಮಾಸ್ತರರು ದಿನವೂ ರೈಲಿನಲ್ಲಿ ಸಾಲಿಗೆ ಹೋಗಿ ಬರುವವರು. ಬೇಸರದಿಂದ ಆಡಿದ ಮಾತಲ್ಲ ಅದು. ಆದರೂ ಬಾಳವ್ವನ ಕೈ ಸೋಸುತ್ತಿದ್ದ ಹಾಲಿನ ಮೇಲೆ ಹಾಗೆಯೇ ನಿಂತಿತು. ಆ ವಾರದಲ್ಲಿ ಲೋಟ ಬಿಟ್ಟು ಎದ್ದವರು ಮಾಸ್ತರರೊಬ್ಬರೇ ಅಲ್ಲ. ದವಾಖಾನೆಯ ನರ್ಸಮ್ಮಂದಿರೂ ಕಾಫಿ ಬಿಟ್ಟು ಚಹಾ ಹಿಡಿದಿದ್ದರು.

ಘಟಪ್ರಭಾ ಸ್ಟೇಷನ್ನಿನ ಎದುರು ಇರುವ ಆ ಸಣ್ಣ ಅಂಗಡಿ ಕುಲಗೋಡದ ಮಹಿಳಾ ಸಂಘದ್ದು. ಅಲ್ಲಿ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತಾರೆ. ಅದರ ಒಂದು ಮೂಲೆಯಲ್ಲಿ ಫಿಲ್ಟರ್ ಕಾಫಿ. ಆ ಮೂಲೆ ಬಾಳವ್ವನದು. ಊರಲ್ಲಿ ಅವಳು ಮುರಿಗೆಪ್ಪನ ಹೆಂಡತಿ, ಇಬ್ಬರು ಮಕ್ಕಳ ತಾಯಿ. ಇಲ್ಲಿ ಮಾತ್ರ ಜನ ಅವಳನ್ನು 'ಕಾಫಿ ಬಾಳವ್ವ' ಎಂದು ಕರೆಯುತ್ತಿದ್ದರು. ಮೊದಲ ಸಲ ಹಾಗೆ ಕರೆದ ದಿನ ಅವಳು ಬಸ್ಸಿನ ಕಿಟಕಿಗೆ ತಲೆ ಆನಿಸಿ ತನ್ನಷ್ಟಕ್ಕೆ ತಾನೇ ನಕ್ಕಿದ್ದಳು.

ಕಾಫಿ ಕೊಡುತ್ತಿದ್ದವಳು ದ್ಯಾವಮ್ಮ, ಸಕಲೇಶಪುರದ ಕಡೆಯವಳು. ಎರಡೇ ಎಕರೆ ತೋಟ. ಹುಬ್ಬಳ್ಳಿಯಲ್ಲಿ ಸಂಘಗಳ ಮೇಳ ನಡೆದಾಗ ಇವರ ರೊಟ್ಟಿ ಅಂಗಡಿಯ ಬಾಜೂಕೇ ಅವಳ ಕಾಫಿ ಅಂಗಡಿ ಇತ್ತು. ಬೆಳಿಗ್ಗೆ ಅವಳು ಇವರಿಗೆ ಕಾಫಿ ಕೊಡುವಳು, ಮಧ್ಯಾಹ್ನ ಇವರು ಅವಳಿಗೆ ರೊಟ್ಟಿ, ಝುಣಕ ಕೊಡುವರು. ಮೇಳ ಮುಗಿಯುವಷ್ಟರಲ್ಲಿ ಮಾತಾಗಿಹೋಗಿತ್ತು. ನಡುವೆ ವ್ಯಾಪಾರಿ ಬೇಡ. ನೀವು ಬೆಳೆದದ್ದು ನಮ್ಮ ಅಂಗಡಿಗೆ ಬರಲಿ. ಮೇಳದವರು ಬರೆದು ಹಚ್ಚಿದ್ದ ದರಕ್ಕೇ ಮೊದಲ ವರ್ಷದ ಕಾಫಿ ಬಂತು. ದ್ಯಾವಮ್ಮನ ಸಂಘದವರೇ ಹುರಿದು, ಪುಡಿ ಮಾಡಿ ಕಳಿಸಿದ್ದರು. ಚಹಾ ಬಿಟ್ಟು ಬೇರೆ ಏನನ್ನೂ ಮುಟ್ಟದವರೂ ಅದನ್ನು ಕುಡಿದು ಇನ್ನೊಂದು ಲೋಟ ಕೇಳಿದರು.

ಈ ವರ್ಷ ಕೊಯ್ಲಿಗೆ ಮುಂಚೆ ಒಂದು ದಿನ ಮುರಿಗೆಪ್ಪ ಊಟಕ್ಕೆ ಕುಳಿತಾಗ ಕೇಳಿದ್ದ.

"ನಡುವ ದಲ್ಲಾಳಿ ಇಲ್ಲ ಅಂತೀ. ಹಂಗಾದ್ರ ಮಾಲು ಸೋವಿ ಸಿಗಬೇಕಲ್ಲ? ಪ್ಯಾಟಿ ಪುಡಿಗಿಂತ ತುಟ್ಟಿ ಕೊಟ್ಟು ತರಾಕ ನಿಮಗ ಯಾರರ ಮದ್ದು ಹಾಕ್ಯಾರೇನು?"

ಮಾತು ಸರಿಯೆಂದೇ ಬಾಳವ್ವನಿಗೆ ಅನಿಸಿತು. ಅವಳ ತವರು ಹುಕ್ಕೇರಿ ಕಡೆ. ಹುಕ್ಕೇರಿ ಸಂತೆಯಲ್ಲಿ ಕೊಸರು ಹಾಕಿಸಿಕೊಳ್ಳದೆ ಚೀಲದ ಬಾಯಿ ಕಟ್ಟುವವರುಂಟೇ? ತೂಕವಾದ ಮೇಲೂ ಒಂದು ಹಿಡಿ ಹೆಚ್ಚಿಗೆ ಹಾಕಲೇಬೇಕು. ಹಾಕದಿದ್ದರೆ ಮಾರುವವಳ ಕೈ ಸಣ್ಣದು ಎನ್ನುತ್ತಾರೆ. ಬಾಳವ್ವ ದ್ಯಾವಮ್ಮನಿಗೆ ಫೋನ್ ಹಚ್ಚಿ ದರ ಇಳಿಸಿದಳು. ಇಳಿದ ಮೇಲೆ ಇನ್ನೂ ಇಳಿಸಿದಳು. ಕಡೆಗೆ, "ಹತ್ತು ಕಿಲೋಕ್ಕ ಒಂದ್ ಕಿಲೋ ಕೊಸರು ಹಾಕ್ರಿ ಮತ್ತ" ಎಂದಳು.

ದ್ಯಾವಮ್ಮ, "ಆ ರೇಟಿಗಾದ್ರೆ ಆರಿಸಿ ಕುಯ್ಯೋಕಾಗಲ್ಲ ಅಕ್ಕ, ಪರವಾಗಿಲ್ವಾ?" ಎಂದು ಕೇಳಿದ್ದಳು.

"ನಡೀತೈತಿ ಬಿಡ್ರಿ" ಎಂದಿದ್ದಳು ಬಾಳವ್ವ. ಮಾರುವವರು ಹೇಳುವ ಮಾತೇ ಇದು ಎಂದುಕೊಂಡಿದ್ದಳು. ಮುರಿಗೆಪ್ಪ ತೊಡೆ ತಟ್ಟಿ, "ಈಗ ವ್ಯಾಪಾರ ಕಲತಿ ನೋಡು" ಎಂದು ಹೊಗಳಿದ್ದ.

ಹಾಗೆ ಬಂದ ಕಾಫಿ ಇದು.

ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಸಂಘದ ಮರೆವ್ವ ನೇರವಾಗಿಯೇ ಹೇಳಿದಳು.

"ನೋಡ ಬಾಳವ್ವ, ಸೋಮವಾರ ಸಭಾದಾಗ ಮಾತು ತಗೀತೇನಿ. ಒಂದೋ ಪ್ಯಾಟಿ ಪುಡಿ ತರೂಣು, ಇಲ್ಲಂದ್ರ ಆ ಮೂಲಿ ತಗದು ಭಜಿ ಒಲಿ ಹೂಡೂಣು. ಚಹಾ ಕುಡಿಯೋ ಊರಾಗ ಕಾಫಿ ಅಂತ ಕುಂತರ ನೊಣ ಹೊಡೀಬೇಕಾಗತೈತಿ."

ಬಾಳವ್ವ ಉಳಿದಿದ್ದ ಕಾಫಿಯನ್ನು ಒಂದು ಲೋಟಕ್ಕೆ ಸುರಿದಳು. ಪಕ್ಕದಲ್ಲಿ ಅವಳ ನೆಗೆಣ್ಣಿ ಭಾಗ್ಯಾ ಇದ್ದಳು, ಮೈದುನನ ಹೆಂಡತಿ. ಸಂಘದ ತರಬೇತಿಗಳಿಗೆ ಹೋಗಿ ಬಂದವಳು. ಅವಳು ಒಂದು ಗುಟುಕು ಕುಡಿದು ನೋಡಿ, ಲೋಟ ಕೆಳಗಿಟ್ಟಳು.

"ಅಕ್ಕಾ, ಇಲ್ಲಿ ಕುಂತು ಕೊರಗಿದ್ರ ಏನ್ ಬಂತು? ಆಕಿನ್ನ ಕೇಳೂಣು. ಹಚ್ಚು ಫೋನು."

ಬಾಳವ್ವ ಸಿಟ್ಟಿನಲ್ಲೇ ಶುರು ಮಾಡಿದಳು. "ದ್ಯಾವಮ್ಮಾರ, ನಿಮ್ಮನ್ನ ಅಕ್ಕ-ತಂಗಿ ಅಂತ ನಂಬಿದ್ವಿ. ಹಿಂಗ ಮೋಸ ಮಾಡೂದಾ?"

"ಅಯ್ಯೋ, ಮೋಸ ಅನ್ಬೇಡಿ ಅಕ್ಕ" ಎಂದಿತು ಆ ಕಡೆಯ ದನಿ. "ಅವತ್ತೇ ಹೇಳಿದ್ನಲ್ಲಾ. ಒಂದು ಗಿಡದಲ್ಲಿ ಎಲ್ಲ ಹಣ್ಣೂ ಒಂದೇ ಸಲಕ್ಕೆ ಕೆಂಪಾಗಲ್ಲ. ಕೆಂಪಾಗಿದ್ದಷ್ಟೇ ಕುಯ್ಯಬೇಕು ಅಂದ್ರೆ ಅದೇ ಗಿಡಕ್ಕೆ ಮೂರು ಸಲ, ನಾಕು ಸಲ ಆಳು ಹತ್ತಿಸ್ಬೇಕು. ಪ್ರತಿ ಸಲಾನೂ ಕೂಲಿ. ಹೋದ ವರ್ಷ ಹಂಗೇ ಮಾಡಿ ಕಳಿಸಿದ್ದೆ. ಈ ಸಲ ನೀವು ಹೇಳಿದ ದುಡ್ಡಿಗೆ ಒಂದೇ ಸಲ ಆಳು ಕರ್ದು, ಹಸಿರು, ಕೆಂಪು ಎಲ್ಲಾನೂ ಸೇರ್ಸಿ ಎಳ್ದುಬಿಟ್ವಿ. ನಂಗೂ ಮನಸ್ಸಿರ್ಲಿಲ್ಲ."

ಬಾಳವ್ವನ ತವರಿನಲ್ಲಿ ಮೆಣಸಿನಕಾಯಿ ಹೊಲವಿತ್ತು. ಅರೆಗೆಂಪು ಕಾಯಿಗೆ ಕೈ ಹಾಕಿದರೆ ಅವ್ವ ಕೈ ಮೇಲೆ ಹೊಡೆಯುತ್ತಿದ್ದಳು. ಹಾಗೆ ಕಿತ್ತ ಕಾಯಿ ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಬಣ್ಣವೂ ಇಲ್ಲ, ಖಾರವೂ ಇಲ್ಲ. ಒಂದೇ ಸಾಲಿನಲ್ಲಿ ಮತ್ತೆ ಮತ್ತೆ ಹಾದು ಕೆಂಪಾದದ್ದನ್ನಷ್ಟೇ ಬಿಡಿಸಿ ಬೆಳೆದವಳು ಅವಳು. ಅಷ್ಟು ತಿಳಿದೂ ಕಾಫಿಯ ವಿಷಯದಲ್ಲಿ ಅದು ಹೊಳೆದಿರಲಿಲ್ಲ.

"ತ್ವಾಟದಾಗ ಇನ್ನೂ ಹಣ್ಣ ಐತೇನ್ರಿ?" ಎಂದು ಮೆಲ್ಲಗೆ ಕೇಳಿದಳು.

"ಮೇಲಿನ ಪಟ್ಟೇಲಿ ಐತೆ. ಅಲ್ಲಿ ತಡವಾಗಿ ಹಣ್ಣಾಗುತ್ತೆ, ಈಗ ಕೆಂಪಾಗ್ತಾ ಬಂತು. ಗುರುವಾರ ವ್ಯಾಪಾರಿ ಬರ್ತೀನಿ ಅಂದವ್ನೆ. ಅವ್ನಿಗೆ ಹಸಿರಾದ್ರೇನು, ಕೆಂಪಾದ್ರೇನು, ತೂಕ ಆದ್ರೆ ಸಾಕು."

ಮನೆಗೆ ಬಂದು ಬಾಳವ್ವ ಗಂಡನಿಗೆ ಎಲ್ಲವನ್ನೂ ಹೇಳಿದಳು. ಮುರಿಗೆಪ್ಪ ದನಕ್ಕೆ ಕಬ್ಬಿನ ಸೋಗೆ ಹಾಕುತ್ತ ಕೇಳಿಸಿಕೊಂಡ.

"ಅಂದ್ರ ಆಕಿ ಬಾಯಿಗೆ ಬಂದಷ್ಟು ಕೊಡಬೇಕಂತೀ? ನೀವೇನು ಧರ್ಮಛತ್ರ ಇಟ್ಟೀರೇನು?"

ಹಿಂದೆಯೇ ಬಂದಿದ್ದ ಭಾಗ್ಯಾ ಸೆರಗು ಸರಿಪಡಿಸಿಕೊಂಡು ಹೇಳಿದಳು. "ಧರ್ಮ ಅಲ್ರಿ ಭಾವಾರ. ಆಕಿ ಆರಿಸಿ ಕೊಯ್ಯಾಕ ಎಷ್ಟು ಖರ್ಚು ಬೀಳತೈತಿ, ಅಷ್ಟನ್ನ ಹಿಡದು, ಮ್ಯಾಲ ಆಕಿ ಮಕ್ಕಳಿಗೆ ನಾಕು ತುತ್ತು ಉಳಿಯೂವಂಗ ಕೊಡೂದು. ದಲ್ಲಾಳಿ ತಿನ್ನೂದನ್ನ ತಗದು ಪೂರಾ ನಾವ ತಿಂದ್ರ, ನಾವೂ ದಲ್ಲಾಳಿನ ಆದಂಗ ಆಗಲಿಲ್ಲೇನ್ರಿ?"

"ಹೌದವ್ವಾ, ನೀ ಸಾಲಿ ಕಲತಾಕಿ, ನಿನ್ನ ಕೂಡ ಮಾತಾಡಾಕ ಆಗತೈತಿ?" ಎಂದು ನಕ್ಕು, ಮುರಿಗೆಪ್ಪ ಮತ್ತೊಂದು ಹೊರೆ ಬಿಚ್ಚಿದ. ಸ್ವಲ್ಪ ಹೊತ್ತಾದ ಮೇಲೆ ತಾನೇ ಕೇಳಿದ.

"ಆಕಿ ಆಳಿನ ಪಗಾರ ಯಾವಾಗ ಕೊಡತಾಳ?"

"ಆಗಿಂದಾಗ ಕೊಡಬೇಕಂತ್ರಿ. ವಾರಕ್ಕೊಮ್ಮೆ" ಎಂದಳು ಬಾಳವ್ವ.

"ನೀವು ರೊಕ್ಕ ಕೊಡೂದು?"

"ಮಾಲು ಬಂದ ಮ್ಯಾಲ."

"ಹುಚ್ಚರದೀರಿ" ಎಂದ ಮುರಿಗೆಪ್ಪ. "ಕಬ್ಬು ಕಡದು ಫ್ಯಾಕ್ಟರಿಗೆ ಕಳಿಸಿ ಬಿಲ್ಲಿಗೆ ಕಾಯ್ಕೋತ ಕುಂತಾಂವ ನಾನು. ಕಡದಾಂವ ಕಾಯತಾನೇನು? ಸಂಜಿಕ್ಕ ಬಾಗಲದಾಗ ನಿಂತಿರತಾನ. ಆಕಿ ಕೈಯಾಗ ಈಗ ರೊಕ್ಕ ಇಲ್ಲಂದ್ರ, ನೀವು ಎಷ್ಟ ದರ ಒಪ್ಪಿದ್ರೂ ಗುರುವಾರ ಬಂದ ವ್ಯಾಪಾರಿಗೇ ಕೊಡತಾಳ. ಮುಂಗಡ ಕಳಸ್ರಿ ಮೊದಲ."

ಇದು ಭಾಗ್ಯಾಳ ತಲೆಗೂ ಹೊಳೆದಿರಲಿಲ್ಲ. ನೆಗೆಣ್ಣಿಯರಿಬ್ಬರೂ ಮುಖ ಮುಖ ನೋಡಿಕೊಂಡರು.

ಸೋಮವಾರ ಸಭೆಯಲ್ಲಿ ಮಾತು ಜೋರಾಯಿತು. ತುಟ್ಟಿ ಕಾಫಿ ತಂದರೆ ಲೋಟದ ದರ ಏರಿಸಬೇಕು, ಏರಿಸಿದರೆ ಯಾರು ಕುಡಿಯುತ್ತಾರೆ ಎಂದಳು ಮರೆವ್ವ. ಅದು ಸುಳ್ಳಲ್ಲ.

ಬಾಳವ್ವ ಎದ್ದು ನಿಂತಳು. "ಸೋವಿ ಮಾಲು ತಂದು ನೋಡಿದ್ವಲ್ಲ, ಕುಡದ್ರೇನು ಯಾರರ? ನಾ ಹಿಂದಿನಷ್ಟು ತರಿಸಂಗಿಲ್ಲ. ಅರ್ಧ ತರಿಸ್ತೇನಿ. ದರ ಯಾಕ ಏರೇತಿ ಅಂತ ಕೇಳಿದವರಿಗೆ ಖರೇನ ಹೇಳತೇನಿ. ಒಲ್ಲೆ ಅಂದವರಿಗೆ ಚಹಾ ಐತಿ. ಇದೊಂದ್ ಸುಗ್ಗಿ ನೋಡ್ರಿ. ನಡೀಲಿಲ್ಲಂದ್ರ ನಾನ ಆ ಮೂಲಿ ಬಿಟ್ಟು ಕೊಡತೇನಿ. ಭಜಿ ಒಲೀನೂ ನಾನ ಹೂಡತೇನಿ."

"ಭಜಿ ಕರದ್ರ ಎಣ್ಣಿಯಿಂದ ತಗದ ಮೊದಲನೇ ಘಾಣ ನನಗ" ಎಂದಳು ಮರೆವ್ವ. ಎಲ್ಲರೂ ನಕ್ಕರು. ಸಭೆ ಒಪ್ಪಿತು. ಸಂಘದ ಗಂಟಿನಿಂದ ಮುಂಗಡ ಕಳಿಸುವುದೆಂದೂ ಆಯಿತು.

ಅಲ್ಲಿಂದಲೇ ಬಾಳವ್ವ ಫೋನ್ ಹಚ್ಚಿದಳು.

"ದ್ಯಾವಮ್ಮಾರ, ಮ್ಯಾಲಿನ ಪಟ್ಟಿ ಕಾಫಿ ನಮಗ ಬೇಕ್ರಿ. ಕೆಂಪಂದಷ್ಟ. ದರ ನೀವ ಹೇಳ್ರಿ."

ಚೌಕಾಸಿಗೆ ಸಿದ್ಧಳಾಗಿದ್ದ ದ್ಯಾವಮ್ಮ, ಬಾಳವ್ವ ಇಳಿಸಿದ್ದ ದರಕ್ಕಿಂತ ತುಸುವೇ ಮೇಲೆ ಹೇಳಿ, "ಕೊಸರೂ ಹಾಕ್ತೀನಿ ಅಕ್ಕ" ಎಂದು ಸೇರಿಸಿದಳು.

ಬಾಳವ್ವ ಕೇಳಿದಳು. "ಅಷ್ಟು ನಿಮಗ ಪೂರೈಸತೈತೇನ್ರಿ?"

"ನಾಳೆ ಹೇಳ್ಲಾ?" ಎಂದಳು ದ್ಯಾವಮ್ಮ. "ನಾವು ರೇಟು ಹೇಳ್ದೋರಲ್ಲ ಅಕ್ಕ, ಅವ್ರು ಹೇಳಿದ್ದು ಕೇಳಿಸ್ಕೊಂಡೋರು. ಕೂತು ನೋಡ್ಬೇಕು."

ಮರುದಿನ ಅವಳೇ ಫೋನ್ ಮಾಡಿದಳು. ಬಾಳವ್ವ ಮನೆಯಲ್ಲಿದ್ದವರಿಗೂ ಕೇಳುವಂತೆ ಸ್ಪೀಕರ್ ಹಚ್ಚಿದಳು. ಗೊಬ್ಬರ, ಆಳು, ಒಣಗಿಸುವುದು, ಹುರಿಯುವುದು, ಲಾರಿ ಬಾಡಿಗೆ, ಎಲ್ಲವನ್ನೂ ಹಿಡಿದು ಒಂದು ದರ ಹೇಳಿದಳು. ಹೇಳುವಾಗ ದನಿ ಅಳುಕುತ್ತಿತ್ತು, ತಪ್ಪು ಮಾಡಿದವರಂತೆ.

"ನಿಮ್ಮ ದುಡಿಮಿ ಹಿಡದ್ರೇನ್ರಿ ಅದರಾಗ?" ಎಂದು ಭಾಗ್ಯಾ ನಡುವೆ ಬಾಯಿ ಹಾಕಿದಳು.

"ನಂದಾ?" ದ್ಯಾವಮ್ಮ ನಕ್ಕೇಬಿಟ್ಟಳು. "ಮನೆ ಹೆಂಗಸು ದುಡಿಯೋದಕ್ಕೆ ಯಾರಾದ್ರೂ ಕೂಲಿ ಹಿಡೀತಾರಾ?"

ಬಾಳವ್ವ ನಗಲಿಲ್ಲ. ಅವಳೂ ಮಕ್ಕಳು ಏಳುವ ಮುಂಚೆ ಎದ್ದು ರೊಟ್ಟಿ ಬಡಿಯುವವಳು. ಜೋಳ ಎಷ್ಟು, ಉರುವಲು ಎಷ್ಟು ಎಂದು ರೊಟ್ಟಿಗೆ ದರ ಕಟ್ಟುವಾಗ ತನ್ನ ಕೈಯನ್ನು ಎಂದೂ ಹಿಡಿದಿರಲಿಲ್ಲ. ಅವಳು ಫೋನನ್ನು ಬಾಯಿಗೆ ಹತ್ತಿರ ತಂದಳು.

"ಹಿಡೀರಿ ದ್ಯಾವಮ್ಮಾರ. ನಿಮ್ಮದೂ ಹಿಡದು ಹೇಳ್ರಿ. ನಾ ಕಾಯತೇನಿ."

ಪಡಸಾಲೆಯಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದ ಮುರಿಗೆಪ್ಪ ಎದ್ದು ಅಂಗಿ ತೊಟ್ಟು, "ಮುಂಗಡ ಕಳಸಾಕ ಬ್ಯಾಂಕಿಗೆ ಹೊಂಟೀರೇನು? ಬರ್ರಿ, ಗಾಡಿ ಮ್ಯಾಲ ಬಿಡತೇನಿ" ಎಂದ.

ಓದುತ್ತಿರುವ ತಾಯಂದಿರೇ, ಅಣ್ಣ ತಮ್ಮಂದಿರೇ, ನಮ್ಮಲ್ಲಿ ಬೆಳೆಯುವವರೂ ನಾವೇ, ಕೊಳ್ಳುವವರೂ ನಾವೇ. ಕಾಫಿಯಾಗಲಿ, ಬೆಲ್ಲವಾಗಲಿ, ಮೆಣಸಿನಕಾಯಿಯಾಗಲಿ, ಸಣ್ಣ ರೈತರಿಂದ ನೇರವಾಗಿ ಕೊಳ್ಳಿರಿ. ಆದರೆ ನೇರ ಎಂದರೆ ಅಗ್ಗ ಎಂದುಕೊಳ್ಳಬೇಡಿ. ಬೆಳೆ ಕೊಯ್ಯುವ ಮೊದಲೇ ಕೂತು ಮಾತಾಡಿ, ಯಾವ ಬಗೆಯ ಮಾಲು ಬೇಕೆಂದು ಬಿಡಿಸಿ ಹೇಳಿ. ಸಂಘದಲ್ಲಿ ಗಂಟಿದ್ದರೆ ಮುಂಗಡ ಕೊಡಿ. ಹೆಚ್ಚು ಕೊಳ್ಳಲು ಆಗದಿದ್ದರೆ ಕಡಿಮೆ ಕೊಳ್ಳಿ, ಆದರೆ ಬರುವ ವರ್ಷವೂ ಅದೇ ಬಾಗಿಲಿಗೆ ಹೋಗಿ. ಕೊಡುವ ಮುಂಚೆ ಒಂದು ಮಾತು ಕೇಳಿ: ಇಷ್ಟು ನಿಮಗೆ ಪೂರೈಸುತ್ತದೆಯೇ? ಉತ್ತರ ಬರಲು ತಡವಾದೀತು. ತಾಳ್ಮೆಯಿಂದ ಕಾಯಿರಿ. ಆ ಕಡೆ ಇರುವವಳು ತನ್ನ ದುಡಿಮೆಗೆ ಬೆಲೆ ಹೇಳುವುದನ್ನು ಈಗಷ್ಟೇ ಕಲಿಯುತ್ತಿರಬಹುದು.