ಅಂಜಿಕೆಗೆ ಸೊನ್ನೆ

ಹೆಗಲು ಕೊಡುವವರು ಬಾಗಿಲಲ್ಲಿ ನಿಂತಿದ್ದರೂ ಇಂದೂಬಾಯಿ ಆಸ್ಪತ್ರೆಯಿಂದ ತಂದ ಚೀಲವನ್ನು ನೆಲಕ್ಕೆ ಸುರುವಿ ಕೆದಕುತ್ತಿದ್ದರು. ಟವೆಲ್ಲು, ಕನ್ನಡಕ, ಒಡೆದ ಮೂಸಂಬಿ, ಕೊನೆಗೆ ನಾಲ್ಕು ಮಡಿಕೆಯ ಒಂದು ಹಾಳೆ.

"ವೈನಿ, ಗಾಡಿ ಬಂತ್ರಿ. ಏನ್ ಹುಡಕ್ಲಿಕ್ಕತ್ತೀರಿ?" ಪಕ್ಕದ ಮನೆಯ ಬಾಳಕೃಷ್ಣ ಕೇಳಿದರು.

"ಇವರು ಏನರ ಬರದಿಟ್ಟಾರೇನು ಅಂತ."

ಹಾಳೆ ಗುರುತಿನದೇ. ತೀರಿಹೋದ ಗಂಡ ಪ್ರಲ್ಹಾದರಾಯರು ಪುಣೆಯ ಒಂದು ಕಾಲೇಜಿನ ಕ್ರೀಡಾ ವಿಭಾಗದಲ್ಲಿ ಇಪ್ಪತ್ತೆರಡು ವರ್ಷ ಗುಮಾಸ್ತರಾಗಿದ್ದವರು. ಪಂದ್ಯಕ್ಕೆ ಒಂದು ತಾಸು ಮೊದಲು ಆಟಗಾರರಿಗೆ ಈ ಹಾಳೆ ಹಂಚಿ, ತುಂಬಿಸಿಕೊಂಡು, ಪ್ರೊಫೆಸರರಿಗೆ ಮುಟ್ಟಿಸುವುದು ಅವರ ಕೆಲಸ. ಈ ಗಳಿಗೆಯಲ್ಲಿ ನಿಮಗೆ ಎಷ್ಟು ಅಂಜಿಕೆ, ಎಷ್ಟು ಸಿಟ್ಟು, ಎಷ್ಟು ಚಿಂತೆ? ಏನೂ ಇಲ್ಲದಿದ್ದರೆ ಸೊನ್ನೆ, ವಿಪರೀತವಿದ್ದರೆ ನಾಲ್ಕು. ಉಳಿದ ಹಾಳೆಗಳು ಮನೆಗೆ ಬರುತ್ತಿದ್ದವು. ಇಂದೂಬಾಯಿ ಅವುಗಳ ಬೆನ್ನಿಗೆ ಕಿರಾಣಿ ಚೀಟಿ ಬರೆದವರೇ ಹೊರತು ಮುಂಭಾಗ ಓದಿದವರಲ್ಲ.

ಇವತ್ತು ಓದಿದರು. ತುಂಬಿದ್ದು ಗಂಡನದೇ ಅಕ್ಷರ. ಸ್ಪರ್ಧೆ: ಆಪರೇಶನ್. ವೇಳೆ: ಒಂಬತ್ತೂವರೆ. ಎದುರಾಳಿಯ ಜಾಗ ಖಾಲಿ. ಅಂಜಿಕೆ: ಸೊನ್ನೆ. ಅದರ ಕೆಳಗೂ ಸೊನ್ನೆ, ಸೊನ್ನೆ. ಮುದುಕರಿಗೆ ಅಂಥ ಹೊತ್ತಿನಲ್ಲೂ ಚೇಷ್ಟೆ.

ನಿನ್ನೆ ಮುಂಜಾನೆ, "ನಾ ಆರಾಮ ಇದ್ದೀನಿ, ನೀ ಮನಿಗೆ ಹೋಗಿ ಸ್ನಾನ ಮಾಡ್ಕೊಂಡು ಬಾ" ಎಂದು ಅವರೇ ಕಳಿಸಿದ್ದರು. ಇಂದೂಬಾಯಿ ಹೋದರು. ಸ್ವಾರಗೇಟಿನಲ್ಲಿ ಬಸ್ಸು ಬದಲಿಸಿ ತಿರುಗಿ ಬರುವಷ್ಟರಲ್ಲಿ, ಆಪರೇಶನ್‌ಗೆ ಒಯ್ಯುವ ಮೊದಲೇ, ಎಲ್ಲ ಮುಗಿದಿತ್ತು. ಅಂಜಿದ ಗಂಡನನ್ನು ಒಬ್ಬನನ್ನೇ ಬಿಟ್ಟು ಬಂದೆನೇ? ಆಗಿನಿಂದ ಅವರ ತಲೆಯಲ್ಲಿ ಇದೊಂದೇ.

"ಅನುಜಾ, ನೀ ಕಾಲೇಜಿನ್ಯಾಗ ಇಂಥಾವು ತುಂಬಿದಾಕಿ. ಈ ಸೊನ್ನಿ ಖರೇನ?"

ಮೂಲೆಯಲ್ಲಿ ನಿಂತಿದ್ದ ಅನುಜಾ ಬೆಚ್ಚಿದಳು. ರಾಯರ ಕಾಲೇಜಿನ ಒಂದು ಕಾಲದ ಓಟಗಾರ್ತಿ, ಈಗ ಶಾಲೆಯಲ್ಲಿ ಆಟದ ಟೀಚರು.

*

೧೯೯೬. ಎಂಟುನೂರು ಮೀಟರಿನ ಓಟ. ಅನುಜಾ ಎಲ್ಲದಕ್ಕೂ ಸೊನ್ನೆ ಬರೆದಳು. ನಾಲ್ಕು ಬರೆದರೆ ಕೋಚ್ ಓಡಲು ಬಿಡುವುದಿಲ್ಲ ಎಂಬ ದಿಗಿಲು. ಕೈಬೆವರಿಗೆ ಹಾಳೆಯ ಅಂಚು ಒದ್ದೆಯಾಗಿತ್ತು. ಪ್ರಲ್ಹಾದರಾಯರು ಅದನ್ನು ಮಡಚಿಕೊಂಡರು, ಏನೂ ಕೇಳಲಿಲ್ಲ. ಕೇಳಬಾರದೆಂಬ ನಿಯಮವಿತ್ತು. ಆದರೆ ಓಟ ಶುರುವಾಗುವ ಗೆರೆಯ ಪಕ್ಕ, ಬಿಸಿಲಲ್ಲಿ, ಅವಳಿಗೆ ಕಾಣುವ ಹಾಗೆ ಬಂದು ನಿಂತರು. ಮುಂದೆ ಪ್ರತಿ ಓಟಕ್ಕೂ ನಿಂತರು.

"ನನ್ನ ಹತ್ರನ ಯಾಕ ನಿಂದರ್ತೀರಿ ಕಾಕಾ?" ಒಮ್ಮೆ ಕೇಳಿಯೇ ಬಿಟ್ಟಳು.

"ನಾಲ್ಕು ಬರದವರು ಹೇಳ್ಕೊಂಡು ಹಗುರ ಆಗಿರ್ತಾರ. ಸೊನ್ನಿ ಬರದವರ ಹತ್ರ ಯಾರರ ನಿಂದರಬೇಕವಾ."

*

ಅನುಜಾ ಹಾಳೆಯನ್ನು ಬೆಳಕಿಗೆ ಹಿಡಿದಳು. ಅಂಚು ಒದ್ದೆಯಾಗಿ ಒಣಗಿತ್ತು. ಬೆವರೋ ಮೂಸಂಬಿಯ ರಸವೋ ತಿಳಿಯಲಿಲ್ಲ. ನಿಜಕ್ಕೂ ಅಂಜಿರಲಿಲ್ಲವೇನೋ. ಬರೀ ತಮಾಷೆಗೆ ಬರೆದರೇನೋ. ಅಥವಾ ತನ್ನ ಹಾಗೆ... ತಲೆ ಗೊಂದಲದ ಗೂಡಾಯಿತು.

"ಸೊನ್ನಿ ಅಂದ್ರ ಏನೂ ಇಲ್ಲ ಅಂತ, ಕಾಕು. ಇಲ್ಲೇ ಬರದದಲ್ಲ."

"ಹಂಗಾರ ಅಂಜಿದ್ದಿಲ್ಲ?"

"ಇಲ್ರಿ."

ಹೇಳಿದ್ದು ಸುಳ್ಳೋ ಖರೆಯೋ ಅವಳಿಗೇ ಗೊತ್ತಿರಲಿಲ್ಲ. ಇಂದೂಬಾಯಿ ದೊಡ್ಡ ಉಸಿರು ಬಿಟ್ಟು, "ಇನ್ನ ಎತ್ರಿ" ಎಂದರು. ಮಕ್ಕಳಿಲ್ಲದ ಮನೆ; ಮೈದುನನ ಮಗ ಮಧ್ವೇಶ ಬೆಂಕಿಯ ಮಡಕೆ ಹಿಡಿದು ಮುಂದೆ ನಡೆದ.

ಗಾಡಿ ಹೋಯಿತು. ನೆಲ ತೊಳೆದಾಯಿತು. ನೆರೆಯ ಹೆಂಗಸರು ಒಬ್ಬೊಬ್ಬರಾಗಿ ಎದ್ದುಹೋದರು. ಇಂದೂಬಾಯಿ ಹಾಳೆಯನ್ನು ಮತ್ತೆ ನಾಲ್ಕಾಗಿ ಮಡಚಿ ಮುಷ್ಟಿಯಲ್ಲಿ ಇಟ್ಟುಕೊಂಡು, ಗಂಡನನ್ನು ಮಲಗಿಸಿದ್ದ ಜಾಗವನ್ನೇ ನೋಡುತ್ತ ಕೂತಿದ್ದರು.

"ನೀನೂ ಹೋಗವಾ, ಸಾಲಿ ಅದ ನಿಂದು" ಎಂದರು. "ನಾ ಆರಾಮ ಇದ್ದೀನಿ."

ಅನುಜಾ ಹೊಸ್ತಿಲಾಚೆ ಒಂದು ಕಾಲಿಗೆ ಚಪ್ಪಲಿ ಹಾಕಿದ್ದಳು. ಅದನ್ನು ಕಳಚಿಟ್ಟು ಒಳಗೆ ಬಂದು, ಅವರಿಗೆ ಕಾಣುವ ಹಾಗೆ, ಎದುರಿನ ಗೋಡೆಗೆ ಒರಗಿ ಕುಳಿತಳು.