ದೊರೆಸಾನಿಯ ತವರಿನ ಗಿಡ

ಕಂಪ್ಲಿಯ ಕಾಲುವೆ ದಂಡೆಯಲ್ಲಿ ಹುಟ್ಟಿ ಬೆಳೆದವನಿಗೆ ಗಿಡಕ್ಕೆ ನೀರು ಹಾಕಬೇಡ ಎನ್ನುವುದು, ಎಲೆ ಮುಂದೆ ಕುಳಿತವನಿಗೆ ಉಣ್ಣಬೇಡ ಎಂದ ಹಾಗೆ. ಹೊಸಪೇಟೆಯ ರೈಲ್ವೆ ದೊರೆಯ ಬಂಗಲೆಯಲ್ಲಿ ಮಾಲಿಯಾಗಿದ್ದ ತಾಯಪ್ಪನಿಗೆ ದೊರೆಸಾನಿ ಹೇಳಿದ್ದು ಅದನ್ನೇ.

ಯುಗಾದಿ ಮುಗಿಸಿ ಅವಳು ಹಡಗು ಹತ್ತಿ ಇಂಗ್ಲೆಂಡ್ ಸೀಮೆಗೆ ಹೊರಟಿದ್ದಳು, ಮರಳುವುದು ದೀಪಾವಳಿಗೆ. ಹೋಗುವಾಗ ಒಂದು ಕುಂಡ ಕೊಟ್ಟಳು. ಹೆಬ್ಬೆರಳು ಗಾತ್ರದ ಗಂಟುಗಂಟು ಕಾಂಡ, ನಾಲ್ಕು ಎಲೆ. ಹೆಸರು ಪೆಲಾರ್ಗೋನಿಯಂ ಅಂತೆ. ಗಿಡದ ತವರು ಆಫ್ರಿಕಾದ ದಕ್ಷಿಣ ತುದಿ; ದೊರೆಸಾನಿಗೆ ಅವಳ ತಾಯಿ ಸಾಯುವ ಮುನ್ನ ಕೊಟ್ಟದ್ದು. ಬೇಸಿಗೆಯಲ್ಲಿ ಎಲೆ ಉದುರಿಸಿ ಮಲಗುತ್ತದೆ, ಚಳಿ ಬಿದ್ದರೆ ಚಿಗುರುತ್ತದೆ, ಅಲ್ಲಿಯ ತನಕ ಹನಿ ನೀರೂ ಬೇಡ ಎಂದು ಮೂರು ಸಲ ಹೇಳಿದಳು. ಹೇಳುವಾಗ ಕಣ್ಣು ಒದ್ದೆಯಾಗಿತ್ತು. ಉಳಿಸಿಕೊಡುತ್ತೇನೆ ಎಂದು ತಾಯಪ್ಪ ಮಾತು ಕೊಟ್ಟ.

ಎಂಟು ದಿನ ಮಾತು ಉಳಿಸಿಕೊಂಡ. ಎಲೆ ಉದುರಿದ್ದೇ ತಡ, ಮಲಗಿದವರಿಗೂ ಬಾಯಾರುತ್ತದಲ್ಲ ಎಂದು ಒಂದು ಚೆಂಬು ಸುರಿದ. ಹೆಂಡತಿ ಎರ್ರಮ್ಮ ಮರಿಯಮ್ಮನಹಳ್ಳಿಯ ಒಣಭೂಮಿಯವಳು, ಬೈದಳು. ಹೂಂ ಅಂದ, ಮರುದಿನವೂ ಸುರಿದ. ಬೈದು ಪ್ರಯೋಜನವಿಲ್ಲದ ಗಂಡನಿಗೆ ಇನ್ನೇನು ಮಾಡುವುದು? ಅವಳು ಗುಟ್ಟಾಗಿ ಗಿಡ ಕಿತ್ತು, ಗಡಿಗೆಯಲ್ಲಿ ನೀರು ನಿಲ್ಲದ ಗರಸು ಮಣ್ಣು ತುಂಬಿ ನೆಟ್ಟು ಮಾಳಿಗೆ ಮೇಲಿಟ್ಟಳು. ಕುಂಡದಲ್ಲಿ ಒಣಗಿದ ಬದನೆ ಗಿಡದ ಮೋಟು ಊರಿದಳು.

ಮಾಲಿಗೆ ಗೊತ್ತಾಗಲಿಲ್ಲವೇ ಎಂದು ಕೇಳಬೇಡಿ. ಅವನು ಗಿಡ ಎಲ್ಲಿ ನೋಡುತ್ತಿದ್ದ, ಚಿಗುರು ಹುಡುಕುತ್ತಿದ್ದ. ಏಳು ತಿಂಗಳು ಮೋಟಿಗೆ ನೀರೆರೆದ, ಹಿಂಡಿ ಹಾಕಿದ, ತಡಿಕೆ ಕಟ್ಟಿ ನೆರಳು ಮಾಡಿದ. ಎರ್ರಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಮಳೆ ಬಂದರೆ ಮಾತ್ರ ಮಾಳಿಗೆಗೆ ಓಡಿ ಗಡಿಗೆಗೆ ತಗಡು ಮುಚ್ಚುತ್ತಿದ್ದಳು.

ದೊರೆಸಾನಿ ಬರುವ ದಿನ ಮೋಟು ಕಿತ್ತು ಕೈಗೇ ಬಂತು. ಬುಡ ಪೂರ್ತಿ ಕೊಳೆತಿತ್ತು.

"ಅಮ್ಮಾರ ತಾಯಿ ಕೊಟ್ಟಿದ್ದನ್ನ ನಾನ ಕೊಂದೆ," ಎಂದು ತಾಯಪ್ಪ ಅತ್ತ.

ಈಗ ಎರ್ರಮ್ಮನಿಗೆ ನಗು ಬರಲಿಲ್ಲ, ನಾಚಿಕೆಯಾಯಿತು. ಗಡಿಗೆ ಇಳಿಸಿ ತಂದು ಅವನ ಮುಂದಿಟ್ಟಳು. ಗಂಟುಗಂಟಿನಲ್ಲೂ ಎಳೆ ಎಲೆ. ನೀರುಂಡದ್ದು ಬದನೆ ಮೋಟು ಎಂದು ತಪ್ಪೊಪ್ಪಿಕೊಂಡಳು. ತಾಯಪ್ಪನಿಗೆ ಸಿಟ್ಟು ಬರಬೇಕಿತ್ತು. ಜೀವ ಬಂದಂತಾಗಿ ಎಲೆ ಸವರುತ್ತ ಕುಳಿತ.

"ಚಿಗರೈತಲ್ಲ, ಇನ್ನ ನೀರ ಹಾಕಬೋದು. ಒಂದ ಬೊಗಸಿ ಹಾಕ್ರಿ," ಎಂದಳು.

ಅವನು ಬೊಗಸೆ ತುಂಬಿಕೊಂಡ. ಗಿಡದ ತನಕ ಒಯ್ದ. ಸುರಿಯದೆ ಹಿಡಿದೇ ಕುಳಿತ, ನೀರೆಲ್ಲ ಬೆರಳ ಸಂದಿಯಿಂದ ಅವನ ಮೊಣಕಾಲ ಮೇಲೇ ಸೋರಿತು.

"ನನ್ನ ಕೈ ಬ್ಯಾಡ," ಎಂದ. "ನೀನ ಹಾಕು."